ಗೇಮ್ ಸ್ಪಾನ್ಸರ್‌ಶಿಪ್ ಮೇಲ್ ಬಂತಾ? ಜಿಪ್ ಫೈಲ್ ಬಿಚ್ಚುವ ಮೊದಲು ಇದನ್ನು ಓದಿ

ಗೇಮಿಂಗ್ ಚಾನೆಲ್ ನಡೆಸುವವರು ಇದನ್ನು ಪೂರ್ತಿ ಓದಿ. ನಮ್ಮ ಯೂಟ್ಯೂಬ್ ಚಾನೆಲ್ ಒಂದು ರಾತ್ರಿ ಕೈತಪ್ಪಿ ಹೋಯಿತು. ಪಾಸ್‌ವರ್ಡ್ ಯಾರಿಗೂ ಕೊಟ್ಟಿರಲಿಲ್ಲ. ಟೂ-ಸ್ಟೆಪ್ ವೆರಿಫಿಕೇಷನ್ ಕೂಡ ಆನ್ ಇತ್ತು.

ಶುರುವಾದದ್ದು ಒಂದು ಮೇಲ್‌ನಿಂದ. ಇನ್ನೂ ಬಿಡುಗಡೆಯಾಗದ ಗೇಮ್ ಇದೆ, ಆಡಿ ತೋರಿಸಿದರೆ ದುಡ್ಡು ಕೊಡುತ್ತೇವೆ ಅಂತ. ನಮ್ಮ ಹಳೆಯ ವಿಡಿಯೋ ಒಂದನ್ನು ಹೆಸರು ಹಿಡಿದು ಹೊಗಳಿದ್ದರು. ಅದರಲ್ಲಿ ಲಿಂಕೂ ಇಲ್ಲ, ಫೈಲೂ ಇಲ್ಲ. ಮಾತುಕತೆ ಕುದುರಿದ ಮೇಲೆ ಜಿಪ್ ಫೈಲ್ ಬಂತು, ಜೊತೆಗೆ ಅದನ್ನು ತೆರೆಯುವ ಪಾಸ್‌ವರ್ಡ್. ಗೇಮ್ ಲೀಕ್ ಆಗಬಾರದಲ್ವಾ ಎಂಬ ಸಬೂಬು. ಅಸಲು ಕಾರಣ ಬೇರೆ. ಪಾಸ್‌ವರ್ಡ್ ಹಾಕಿದ ಜಿಪ್ ಒಳಗೆ ಏನಿದೆ ಅಂತ ಮೇಲ್‌ನ ವೈರಸ್ ಸ್ಕ್ಯಾನ್‌ಗೆ ಕಾಣುವುದಿಲ್ಲ.

ನಮ್ಮ ಎಡಿಟರ್ ಅದನ್ನು ಬಿಚ್ಚಿದ. ಒಳಗೆ ಪಿಡಿಎಫ್ ಐಕಾನ್ ಇರುವ 'ಅಗ್ರಿಮೆಂಟ್'. ಆಮೇಲೆ ನೋಡಿದರೆ ಅದರ ಎಕ್ಸ್‌ಟೆನ್ಷನ್ (ಫೈಲ್ ಹೆಸರಿನ ಕೊನೆಯ ತುಂಡು) ಡಾಟ್ ಎಸ್‌ಸಿಆರ್. ಹೆಸರಿಗೆ ಸ್ಕ್ರೀನ್‌ಸೇವರ್, ನಿಜಕ್ಕೂ ಅದೊಂದು ಪ್ರೋಗ್ರಾಂ. ಸೆಟ್ಟಿಂಗ್ ಬದಲಿಸದಿದ್ದರೆ ವಿಂಡೋಸ್ ಎಕ್ಸ್‌ಟೆನ್ಷನ್ ತೋರಿಸುವುದೇ ಇಲ್ಲ (ಇನ್ನೂ ಯಾಕೆ ಹೀಗಿಟ್ಟಿದ್ದಾರೋ!). ಸೈಜ್ ಕೂಡ ವಿಚಿತ್ರ. ಜಿಪ್ ಇದ್ದದ್ದು ಕೆಲವೇ ಎಂಬಿ, ಬಿಚ್ಚಿದರೆ ನೂರಾರು ಎಂಬಿ. ಒಳಗೆ ಬರೀ ಸೊನ್ನೆ ತುಂಬಿ ಉಬ್ಬಿಸಿರುತ್ತಾರೆ. ತೀರಾ ದೊಡ್ಡ ಫೈಲ್ ಆದರೆ ಕೆಲವು ಆಂಟಿವೈರಸ್‌ಗಳು ಸ್ಕ್ಯಾನ್ ಮಾಡದೆ ಬಿಡುತ್ತವೆ.

ಡಬಲ್ ಕ್ಲಿಕ್ ಮಾಡಿದಾಗ ಸ್ಕ್ರೀನ್ ಮೇಲೆ ಏನೂ ಬರಲಿಲ್ಲ. ಅಷ್ಟರಲ್ಲಿ ಬ್ರೌಸರ್‌ನಲ್ಲಿದ್ದ ಸೆಷನ್ ಕುಕೀಗಳು ಕಳ್ಳರ ಕೈ ಸೇರಿದ್ದವು. ಸೆಷನ್ ಕುಕೀ ಅಂದರೆ ಲಾಗಿನ್ ಆದ ಮೇಲೆ ಸೈಟ್ ನಮ್ಮ ಬ್ರೌಸರ್‌ನಲ್ಲಿ ಇಡುವ ಗುರುತು, ಗೇಟಿನಲ್ಲಿ ಟಿಕೆಟ್ ತೋರಿಸಿದ ಮೇಲೆ ಕೈಗೆ ಕಟ್ಟುವ ಪಟ್ಟಿ ಇದ್ದ ಹಾಗೆ. ಪಟ್ಟಿ ಇದ್ದವರನ್ನು ಒಳಗೆ ಯಾರೂ ಮತ್ತೆ ಟಿಕೆಟ್ ಕೇಳುವುದಿಲ್ಲ. ಓಟಿಪಿ ಕೇಳದೆ ಅವರು ಒಳಗೆ ಹೋದದ್ದು ಹೀಗೆ.

ಬೆಳಗಾಗುವಷ್ಟರಲ್ಲಿ ಚಾನೆಲ್‌ನ ಹೆಸರು, ಲೋಗೋ ಎರಡೂ ಬದಲು. ನಮ್ಮ ವಿಡಿಯೋಗಳೆಲ್ಲ ಪ್ರೈವೇಟ್. ಲೈವ್‌ನಲ್ಲಿ ಇಲಾನ್ ಮಸ್ಕ್ ಅವರ ಯಾವುದೋ ಹಳೆಯ ಮಾತು, ಪಕ್ಕದಲ್ಲಿ ಕ್ಯೂಆರ್ ಕೋಡ್, ಕ್ರಿಪ್ಟೋ ಕಳಿಸಿದರೆ ಡಬಲ್ ಮಾಡಿ ಕೊಡುತ್ತಾರಂತೆ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಚಾನೆಲ್‌ಗೂ ಹೀಗೇ ಆಗಿತ್ತು. ದಿನವಿಡೀ ಟೆಕ್ನಾಲಜಿ ಬಗ್ಗೆಯೇ ಮಾತಾಡುವವರು, ಒಂದೂವರೆ ಕೋಟಿ ಸಬ್‌ಸ್ಕ್ರೈಬರ್ ಇದ್ದವರು! ಯೂಟ್ಯೂಬರ್‌ಗಳ ಕುಕೀ ಕದಿಯುವ ಈ ದಂಧೆಯ ಬಗ್ಗೆ ಗೂಗಲ್ 2021ರಲ್ಲೇ ವಿವರವಾಗಿ ಬರೆದಿತ್ತು.

ನಿಮಗೂ ಹೀಗಾದರೆ ಫೈಲ್ ತೆರೆದ ಕಂಪ್ಯೂಟರ್‌ನ ಇಂಟರ್ನೆಟ್ ಮೊದಲು ತೆಗೆಯಿರಿ. ಅದರಲ್ಲಿ ಕೂತು ಪಾಸ್‌ವರ್ಡ್ ಬದಲಿಸಬೇಡಿ, ಹೊಸದೂ ಕಳ್ಳನಿಗೇ ಸಿಗುತ್ತದೆ. ಬೇರೆ ಫೋನಿನಿಂದ ಎಲ್ಲ ಡಿವೈಸ್‌ಗಳನ್ನೂ ಸೈನ್ ಔಟ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಅದೇ ಬ್ರೌಸರ್‌ನಲ್ಲಿದ್ದ ಡಿಸ್ಕಾರ್ಡ್, ಸ್ಟೀಮ್ ಖಾತೆಗಳನ್ನೂ ಬಿಡಬೇಡಿ. ಆ ಕಂಪ್ಯೂಟರ್‌ಗೆ ವಿಂಡೋಸ್ ಹೊಸದಾಗಿ ಹಾಕಿಸಿ.

ಎಕ್ಸ್‌ನಲ್ಲಿ (ಹಳೆಯ ಟ್ವಿಟರ್) ಯೂಟ್ಯೂಬ್‌ನವರದೇ ಸಹಾಯ ಖಾತೆಯಾದ ಟೀಮ್‌ಯೂಟ್ಯೂಬ್‌ಗೆ ದೂರು ಕೊಟ್ಟೆವು. ತಕ್ಷಣ ಕೆಳಗೆ ರಿಪ್ಲೈಗಳ ಸಾಲು: "ನನ್ನ ಚಾನೆಲ್ ಇವರೇ ವಾಪಸ್ ಕೊಡಿಸಿದ್ದು, ಮೆಸೇಜ್ ಮಾಡಿ." ಇವರೂ ಮೋಸಗಾರರೇ, ಸುಮ್ನೆ ಬ್ಲಾಕ್ ಮಾಡಿ. ಚಾನೆಲ್ ವಾಪಸ್ ಸಿಕ್ಕಿದ್ದು ಯೂಟ್ಯೂಬ್‌ನವರ ಮೂಲಕವೇ.

ಈಗ ಮೇಲ್ ನೋಡುವ ಲ್ಯಾಪ್‌ಟಾಪ್‌ನಲ್ಲಿ ಚಾನೆಲ್ ಖಾತೆ ಲಾಗಿನ್ ಇರುವುದಿಲ್ಲ. ಎಡಿಟರ್‌ಗೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಬೇಕಾದಷ್ಟೇ ಪರ್ಮಿಷನ್. ಗೇಮ್ ಆಡಿ ತೋರಿಸಿ ಅಂತ ಯಾರೇ ಕೇಳಿದರೂ ಫೈಲ್ ಬೇಡ, ಸ್ಟೀಮ್ ಕೀ (ಸ್ಟೀಮ್ ಎಂಬ ಗೇಮ್ ಅಂಗಡಿಯಿಂದಲೇ ಗೇಮ್ ಇಳಿಸಿಕೊಳ್ಳುವ ಕೋಡ್) ಕಳಿಸಿ ಅನ್ನುತ್ತೇವೆ. ಜಾಸ್ತಿ ಜನ ಆಮೇಲೆ ಉತ್ತರವನ್ನೇ ಕೊಡುವುದಿಲ್ಲ.