ಕಲಘಟಗಿ ತೊಟ್ಟಿಲೆಂದು ಹಣ ಕೊಡುವ ಮುನ್ನ ಅದರ ತಳ ನೋಡಿ

ಧಾರವಾಡ ಜಿಲ್ಲೆಯ ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಅಲ್ಲಿಯ ತೊಟ್ಟಿಲು ಮಾಡಿಸಿಕೊಡುತ್ತೇವೆ ಎಂದು ಮುಂಗಡ ಪಡೆಯುವ ಮಧ್ಯವರ್ತಿಗಳು ಹುಬ್ಬಳ್ಳಿಯಲ್ಲಿದ್ದಾರೆ. ಅಂಥವರೊಬ್ಬರಿಂದ ನಮ್ಮ ಮನೆಗೆ ಬಂದ ತೊಟ್ಟಿಲಿನ ಕಥೆ ಇದು. ಮನೆಯಲ್ಲಿ ಬಸುರಿ, ಬಾಣಂತಿಯರು ಇರುವವರು ದಯವಿಟ್ಟು ಪೂರ್ತಿ ಓದಿ.

ತಂಗಿಯ ಚೊಚ್ಚಲ ಬಾಣಂತನ ಧಾರವಾಡದ ನಮ್ಮ ಮನೆಯಲ್ಲಿ ನಡೆಯಿತು. ತೊಟ್ಟಿಲು ತವರಿನಿಂದಲೇ ಹೋಗಬೇಕು, ಅದೂ ಕಲಘಟಗಿಯದೇ ಆಗಬೇಕು ಎಂಬುದು ಅವ್ವನ ಆಸೆ. ಸಾಗವಾನಿ ಕಟ್ಟಿಗೆ, ಉಳಿಯಿಂದ ಕೆತ್ತಿದ ಬಳ್ಳಿ, ಅರಗಿನ ಬಣ್ಣ, ನಾಲ್ಕೂ ಬದಿಗೆ ಕೈಯಿಂದ ಬರೆದ ಕೃಷ್ಣನ ಬಾಲಲೀಲೆ ಎಂದು ಮಾತಾಗಿತ್ತು. ಬೆಲೆ 48,000 ರೂಪಾಯಿ, ಅರ್ಧ ಮುಂಗಡ. ಕೆಲಸ ನಡೆಯುವಾಗ ಬಂದು ನೋಡುತ್ತೇವೆ ಎಂದಾಗಲೆಲ್ಲ, ಕಲಾವಿದರು ಹೊರಗಿನವರನ್ನು ಒಳಗೆ ಬಿಡುವುದಿಲ್ಲ ಎಂಬ ಉತ್ತರ. ತೊಟ್ಟಿಲು ಬಂದದ್ದು ನಾಮಕರಣದ ಹಿಂದಿನ ರಾತ್ರಿ. ನೆಂಟರು ತುಂಬಿದ ಮನೆಯಲ್ಲಿ ಅದನ್ನು ಇಳಿಸಿ, ಬಾಕಿ ಎಣಿಸಿಕೊಂಡು ಹೋದರು. ಕೊನೆಯ ಗಳಿಗೆಗೆ ತರುವುದು ಬೇಕೆಂದೇ ಮಾಡುವ ಕೆಲಸ ಎಂದು ಈಗ ನನಗೆ ಖಚಿತವಾಗಿದೆ. ಬೆಳಗಾದರೆ ಮುಹೂರ್ತ ಇರುವಾಗ ತೊಟ್ಟಿಲನ್ನು ವಾಪಸು ಕಳಿಸುವವರು ಯಾರು?

ಮಗು ಮಗ್ಗುಲಾಗಿ ಪಕ್ಕದ ಪಟ್ಟಿಗೆ ಬಾಯಿ ಹಚ್ಚಲು ಶುರು ಮಾಡಿದ ಮೇಲೆ ನಿಜ ಹೊರಬಿತ್ತು. ಒಂದು ಬೆಳಗ್ಗೆ ಅದರ ಕೆಳತುಟಿಯ ಮೇಲೆ ಹಳದಿ ಬಣ್ಣವಿತ್ತು. ಅರಿಶಿನವಿರಬೇಕು ಎಂದು ತಂಗಿ ಒರೆಸಿದಳು. ಆಮೇಲೆ ನೋಡಿದರೆ, ಜೊಲ್ಲು ಬಿದ್ದ ಕಡೆಯಲ್ಲೆಲ್ಲ ವಾರ್ನಿಷ್ ಹಪ್ಪಳದಂತೆ ಉಬ್ಬಿ ಒಡೆದಿತ್ತು. ಅದರಡಿಯ ಹಳದಿ ಪುಡಿಪುಡಿಯಾಗಿ ಬೆರಳಿಗೆ ಹತ್ತುತ್ತಿತ್ತು.

ಅವತ್ತೇ ತೊಟ್ಟಿಲನ್ನು ಮಗುಚಿ ಹಾಕಿದೆವು. ತಳಕ್ಕೆ ಹಾಕಿದ್ದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಬೆಣ್ಣೆ ಕದಿಯುವ ಕೃಷ್ಣನ ಮೂಲೆಯನ್ನು ಉಗುರಿನಿಂದ ಎತ್ತಿದರೆ ಇಡೀ ಚಿತ್ರ ಹಾಳೆಯಾಗಿ ಎದ್ದು ಬಂತು. ಮುದ್ರಿಸಿದ ಕಾಗದ ಅಂಟಿಸಿ ಮೇಲೆ ವಾರ್ನಿಷ್ ಬಳಿದಿದ್ದರು. ಬಳ್ಳಿಯ ಕೆತ್ತನೆಯಲ್ಲಿ ಎಡಬದಿಯ ಮೂರನೆಯ ಎಲೆಯ ತುದಿ ಸ್ವಲ್ಪ ಮುಕ್ಕಾಗಿತ್ತು. ಬಲಬದಿಯ ಮೂರನೆಯ ಎಲೆಯಲ್ಲೂ ಅಷ್ಟೇ ಮುಕ್ಕು, ಅದೇ ಜಾಗದಲ್ಲಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಅಂಟಿಸಿದ ತುಣುಕುಗಳವು. ಕಿತ್ತು ನೋಡಿದರೆ ಒಳಗೆಲ್ಲ ಬಿಳಿ, ಕಟ್ಟಿಗೆಯ ಎಳೆಯೇ ಇಲ್ಲ.

ಅವ್ವ ಮಧ್ಯವರ್ತಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: “ಒದ್ದೆ ಬಟ್ಟೆಯಿಂದ ಒರೆಸಿದರೆ ಯಾವ ತೊಟ್ಟಿಲಾದರೂ ಬಣ್ಣ ಬಿಡುತ್ತದೆ ಅಮ್ಮಾ.” ಅವ್ವನಿಗೆ ಈ ಮಾತು ಹೇಳಿದ್ದು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಅವಳು ಮಲಗಿ ಬೆಳೆದ ತೊಟ್ಟಿಲು ಈಗಲೂ ಸೋದರಮಾವನ ಮನೆಯ ಅಟ್ಟದಲ್ಲಿದೆ, ಅದರ ಕೆಂಪು ಇನ್ನೂ ಕೆಂಪಾಗಿಯೇ ಇದೆ. ಯಾವ ಬಣ್ಣ ಬಳಸಿದಿರಿ, ಡಬ್ಬಿ ತೋರಿಸಿ ಎಂದು ಕೇಳಿದ ಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು.

ಡಬ್ಬಿ ಕೇಳಿದ್ದಕ್ಕೆ ಕಾರಣವಿದೆ. ಅಗ್ಗದ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಇರಬಹುದು. ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿದೆ. ಅದನ್ನು ಡಬ್ಬಿಯ ಮೇಲೆ ನಮೂದಿಸಲೂಬೇಕು. ಕೈಗಾರಿಕಾ ಬಣ್ಣಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕುತ್ತು, ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಮಗುವಿನ ಬಾಯಿಗೆ ಹೋಗುವ ವಸ್ತುವಿಗೆ ಯಾವುದೋ ಬಣ್ಣ ಬಳಿದು ಮಾರುವುದನ್ನು ಬರೀ ವ್ಯಾಪಾರದ ಮೋಸ ಎಂದು ಬಿಡಲಾಗದು.

ಆಮೇಲೆ ನಾನು ಕಲಘಟಗಿಗೇ ಹೋದೆ. ಹುಬ್ಬಳ್ಳಿಯಿಂದ ಕಾರವಾರದ ದಾರಿಯಲ್ಲಿ ಸುಮಾರು 30 ಕಿಲೋಮೀಟರ್, ಅಷ್ಟೇ. ಚಿತ್ರಗಾರರ ಮನೆಯೊಂದರಲ್ಲಿ ಹಿರಿಯರೊಬ್ಬರು ಅರಗಿನ ಬಣ್ಣದ ಕೆಲಸ ಮಾಡುತ್ತಿದ್ದರು. ಬಣ್ಣ ಬೆರೆಸಿದ ಅರಗು ಬಿಸಿಗೆ ಮೆತ್ತಗಾಗಿ ಕಟ್ಟಿಗೆಯನ್ನು ಹಿಡಿದುಕೊಳ್ಳುತ್ತದೆ, ಕೇದಗೆ ಗರಿಯಿಂದ ತಿಕ್ಕಿದಂತೆ ಹೊಳಪು ಏರುತ್ತದೆ. “ಬಣ್ಣ ಹಚ್ಚುವ ಮುಂಚೆ ಬಂದು ಕಟ್ಟಿಗೆ ನೋಡಿಕೊಂಡು ಹೋಗಿರಿ” ಎಂದು ಅವರೇ ಹೇಳಿದರು. ಒಳಗೆ ಬಿಡುವುದಿಲ್ಲ ಎಂಬುದು ಶುದ್ಧ ಸುಳ್ಳು. ಇಂಥವರ ಹೆಸರನ್ನು ಮಾರಿಕೊಂಡು ಹೊಟ್ಟೆ ಹೊರೆಯುವವರ ಬಗ್ಗೆ ನನಗೆ ಕನಿಕರವಿಲ್ಲ.

ತೊಟ್ಟಿಲು ಮಾಡಿಸುವವರು ಆ ಹಿರಿಯರ ಮಾತಿನಂತೆ ಬಣ್ಣಕ್ಕೆ ಮುಂಚೆಯೇ ಹೋಗಿ ಕೆತ್ತನೆ ನೋಡಿ. ಕೈಕೆತ್ತನೆಯಾದರೆ ಕಟ್ಟಿಗೆಯ ಎಳೆ ಹಲಗೆಯಿಂದ ಎಲೆಯೊಳಕ್ಕೆ ಹರಿದಿರುತ್ತದೆ, ಎರಡು ಎಲೆಗಳು ತದ್ರೂಪ ಇರುವುದಿಲ್ಲ. ಸಾಗವಾನಿಯ ಬೆಳ್ಳಗಿನ ಹೊರಭಾಗ ಬೇಡವೆನ್ನಿ, ಅದಕ್ಕೆ ಹುಳು ಬೇಗ ಬೀಳುತ್ತದೆ. ಅರಗು ಹೌದೋ ಅಲ್ಲವೋ ತಿಳಿಯಲು ಕಣ್ಣಿಗೆ ಬೀಳದ ಕಡೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಅರಗು ಸ್ಪಿರಿಟ್‌ನಲ್ಲಿ ಕರಗುವುದರಿಂದ ಅಂಟಂಟಾಗುತ್ತದೆ. ನಾಮಕರಣಕ್ಕೆ ಒಂದು ವಾರ ಮೊದಲೇ ತೊಟ್ಟಿಲು ಮನೆಯಲ್ಲಿರಲಿ.

ನಮಗೆ ಕೊಟ್ಟ ಬಿಲ್ಲಿನಲ್ಲಿ ‘ಮರದ ತೊಟ್ಟಿಲು, 1’ ಎಂದಷ್ಟೇ ಇದೆ. ನಿಮ್ಮದರಲ್ಲಿ ಕಟ್ಟಿಗೆಯ ಜಾತಿ, ಕೈಕೆತ್ತನೆ, ಅರಗಿನ ಬಣ್ಣ ಎಂದು ಬರೆಸಿಕೊಳ್ಳಿ. ಈಗಾಗಲೇ ಮೋಸಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಿ. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ನಾವು ದೂರು ಬರೆಯುತ್ತಿದ್ದೇವೆ. ಕಿತ್ತುಬಂದ ತುಣುಕು, ಫೋನಿನಲ್ಲಿರುವ ಸಂದೇಶ, ಹಣ ಕಳಿಸಿದ ದಾಖಲೆ ಯಾವುದನ್ನೂ ಎಸೆಯಬೇಡಿ, ಅಳಿಸಬೇಡಿ. ಅಲ್ಲಿ ಕೇಳುವುದು ಅವನ್ನೇ.