ಹಸಿರು ದೀಪದ ಡಬ್ಬಿ: ಮಿಲಿಟರಿ ಟ್ರಕ್ಕಿಗೆ ಸಾಮಾನ್ಯ ಟ್ರೈಲರ್ ಕಟ್ಟಿ ಎರಡು ವರ್ಷ

ಟ್ರಕ್ಕಿನ 24 ವೋಲ್ಟನ್ನು ಟ್ರೈಲರಿನ ದೀಪಗಳಿಗೆ ಬೇಕಾದ 12 ವೋಲ್ಟಿಗೆ ಇಳಿಸುವ ಈ ಕನ್ವರ್ಟರ್ ಡಬ್ಬಿಯನ್ನು ಕೊಳ್ಳುವ ಮೊದಲು ಒಂದೇ ಸಂಜೆಯಲ್ಲಿ ನಾಲ್ಕು ಬಲ್ಬುಗಳನ್ನು ಸುಟ್ಟಿದ್ದೆ. ಅಮೆರಿಕದ ಸೇನೆಯಿಂದ ನಿವೃತ್ತಿಯಾದ ನನ್ನ ಎಂ35ಎ2 ಟ್ರಕ್ಕಿನದು 24 ವೋಲ್ಟಿನ ವ್ಯವಸ್ಥೆ. ಎಂಜಿನ್ ಓಡುವಾಗ 28ರ ಆಸುಪಾಸಿನಲ್ಲಿರುತ್ತದೆ. ಟ್ರೈಲರಿನ ಬಲ್ಬುಗಳೋ 12 ವೋಲ್ಟಿನವು. ವೋಲ್ಟೇಜ್ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಶಾಲೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಆ ಸಂಜೆ.

ಟ್ರಕ್ಕಿನ 24 ವೋಲ್ಟ್ ಬರುವುದು 12 ವೋಲ್ಟಿನ ಎರಡು ಬ್ಯಾಟರಿಗಳಿಂದ. ಅವುಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆದುಕೊಳ್ಳಿ ಎಂದು ಸಲಹೆ ಕೊಡುವವರು ಬಹಳ ಮಂದಿ. ಕೇಳಬೇಡಿ. ಆ ಒಂದು ಸೊರಗುತ್ತದೆ, ಇನ್ನೊಂದಕ್ಕೆ ಚಾರ್ಜ್ ಅತಿಯಾಗುತ್ತದೆ, ಕೊನೆಗೆ ಎರಡನ್ನೂ ಬದಲಿಸಬೇಕಾಗುತ್ತದೆ. ವೋಲ್ಟೇಜ್ ಇಳಿಸಲು ನಡುವೆ ರೆಸಿಸ್ಟರ್ ಹಾಕುವ ಉಪಾಯವೂ ಅಷ್ಟೇ: ಒಂದು ಬಲ್ಬ್ ಹೋದರೆ ವಿದ್ಯುತ್ ಪ್ರವಾಹ ಇಳಿಯುತ್ತದೆ, ರೆಸಿಸ್ಟರ್ ತಡೆಯುವ ವೋಲ್ಟೇಜೂ ಇಳಿಯುತ್ತದೆ, ಉಳಿದ ಬಲ್ಬುಗಳ ಆಯುಸ್ಸು ಮುಗಿಯುತ್ತದೆ.

ಅದಕ್ಕೇ ಈ ಡಬ್ಬಿ ಕೊಂಡೆ. ನನ್ನ ಷರತ್ತು ಒಂದೇ ಇತ್ತು: ಟ್ರಕ್ಕಿನ ಮೂಲ ವೈರಿಂಗಿನ ಒಂದು ಎಳೆಯನ್ನೂ ಕತ್ತರಿಸಬಾರದು. ಪ್ರತಿ ತಂತಿಯ ತುದಿಯಲ್ಲಿ ಸಂಖ್ಯೆ ಕೊರೆದ ಪುಟ್ಟ ಲೋಹದ ಪಟ್ಟಿಯಿರುವ ಅಂಥ ಅಚ್ಚುಕಟ್ಟು ಕೆಲಸಕ್ಕೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ. ಹಾಗಾಗಿ ಸೇನಾ ಟ್ರೈಲರಿಗೆಂದು ಹಿಂಭಾಗದಲ್ಲಿರುವ 12 ಪಿನ್ನಿನ ನ್ಯಾಟೋ ಸಾಕೆಟ್ಟಿಗೆ ಹೊಂದುವ ಪ್ಲಗ್ ತಂದು, ಟೈಲ್ ಲೈಟ್, ಎಡ, ಬಲ ಎಂಬ ಮೂರು ಸಂಕೇತಗಳನ್ನು ಮಾತ್ರ ಡಬ್ಬಿಗೆ ಕೊಟ್ಟೆ. ಶತ್ರುವಿನ ಕಣ್ಣಿಗೆ ಬೀಳದಂತೆ ಮಿಣುಕುವ ಬ್ಲ್ಯಾಕ್‌ಔಟ್ ದೀಪಗಳ ಪಿನ್ನುಗಳನ್ನು ಮುಟ್ಟಲಿಲ್ಲ. ಹೊಸದಾಗಿ ಎಳೆದದ್ದು ಬ್ಯಾಟರಿಯಿಂದ ಫ್ಯೂಸ್ ಮೂಲಕ ಡಬ್ಬಿಗೆ ಶಕ್ತಿ ತರುವ ಒಂದು ತಂತಿ ಮಾತ್ರ. ಈ ಟ್ರಕ್ಕಿನಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಹಿಂದೆ ಒಂದೇ ಬಲ್ಬ್. ನಾಲ್ಕು ತಂತಿಯ ಅಮೆರಿಕನ್ ಟ್ರೈಲರಿನಲ್ಲೂ ಹಾಗೆಯೇ. ಅದರಿಂದ ಜೋಡಣೆ ಸಲೀಸಾಯಿತು. ತಡವಾದದ್ದು ಅರ್ಥಿಂಗಿನಿಂದ, ಅಂದರೆ ಟ್ರಕ್ಕಿನ ಲೋಹದ ಮೈಗೆ ಕೊಡುವ ಜೋಡಣೆಯಿಂದ. ಸೇನೆಯ ದಪ್ಪ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯದೆ ಬೋಲ್ಟ್ ಬಿಗಿದಿದ್ದೆ. ಬ್ರೇಕ್ ತುಳಿದರೆ ಟೈಲ್ ಲೈಟ್ ಮಂಕಾಗುತ್ತಿತ್ತು.

ಅಲ್ಲಿಂದ ಮುಂದಿನ ತಿಂಗಳುಗಳು ಸುಖವಾಗಿದ್ದವು. ಬೆಳಿಗ್ಗೆ ಕ್ಯಾಬಿನ್ ಹತ್ತಿ, ಡ್ಯಾಶ್‌ಬೋರ್ಡಿನ ದೀಪದ ಸ್ವಿಚ್ಚಿನಲ್ಲಿ ಬೀಗ ಬಿಡಿಸುವ ಚಿಕ್ಕ ಲಿವರನ್ನು ಒಂದು ಬೆರಳಿನಲ್ಲಿ ಒತ್ತಿಹಿಡಿದು, ದೊಡ್ಡ ಲಿವರನ್ನು ‘ಸ್ಟಾಪ್ ಲೈಟ್’ ಸ್ಥಾನಕ್ಕೆ ಹೊರಳಿಸಬೇಕು. ಮರೆತರೆ ಹಗಲಿನಲ್ಲಿ ಬ್ರೇಕ್ ದೀಪವೇ ಉರಿಯುವುದಿಲ್ಲ! ಆಮೇಲೆ ಇಳಿದು, ಪೆಡಲ್ಲಿನ ಮೇಲೆ ಒಂದು ಮರದ ತುಂಡು ಊರಿ, ಟ್ರೈಲರಿನ ಹಿಂದೆ ಹೋಗಿ ನಿಲ್ಲುತ್ತೇನೆ. ಎರಡು ಕೆಂಪು ದೀಪಗಳು ಸಮನಾಗಿ ಉರಿಯುತ್ತಿರುತ್ತವೆ. ಡಬ್ಬಿಯ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ. ಯಾಕೋ ಆ ಚುಕ್ಕಿಯನ್ನು ಕಂಡರೆ ನನಗೆ ಸಮಾಧಾನ.

ಮೋಸ ಮಾಡಿದ್ದೂ ಅದೇ ಚುಕ್ಕಿ. ಮೊದಲ ಚಳಿಗಾಲದಲ್ಲಿ ಐದು ವಾರ ಟ್ರಕ್ಕನ್ನು ಮುಟ್ಟಿರಲಿಲ್ಲ. ಹೋಗಿ ಸ್ಟಾರ್ಟ್ ಗುಂಡಿ ಒತ್ತಿದರೆ ಒಂದು ನರಳಾಟ, ಮತ್ತೆ ಮೌನ. ಹಿಂದೆ ಬಂದು ನೋಡಿದರೆ ಹಸಿರು ಚುಕ್ಕಿ ಮಾತ್ರ ಇನ್ನೂ ಕ್ಷೀಣವಾಗಿ ಉರಿಯುತ್ತಿದೆ. ಮಲ್ಟಿಮೀಟರ್ ಹಿಡಿದಾಗ ಲೆಕ್ಕ ಸಿಕ್ಕಿತು: ಯಾವ ದೀಪವೂ ಉರಿಯದಿದ್ದಾಗ ಡಬ್ಬಿ 0.08 ಆಂಪಿಯರ್ ಎಳೆಯುತ್ತಿತ್ತು. ದಿನಕ್ಕೆ ಸುಮಾರು 2 ಆಂಪಿಯರ್-ಗಂಟೆ. ಐದು ವಾರಕ್ಕೆ 67. ವಯಸ್ಸಾದ ಬ್ಯಾಟರಿಗಳಿಗೆ ಅಷ್ಟು ಸಾಕು. ತಯಾರಕರ ಕೈಪಿಡಿಯಲ್ಲಿ ‘ಯಾವಾಗಲೂ ಪೂರೈಕೆ ಇರುವ ತಂತಿಗೆ ಜೋಡಿಸಿ’ ಎಂದು ದಪ್ಪ ಅಕ್ಷರದಲ್ಲಿದೆ. ನಿಂತಾಗಲೂ ಇದು ಕುಡಿಯುತ್ತದೆ ಎಂದು ಎಲ್ಲಿಯೂ ಇಲ್ಲ. ಎರಡು ಹೊಸ ಬ್ಯಾಟರಿಗಳ ಬೆಲೆ ಡಬ್ಬಿಯ ಬೆಲೆಗಿಂತ ಎಷ್ಟೋ ಹೆಚ್ಚು. ಆ ವಾರ ಈ ವಿಮರ್ಶೆ ಬರೆದಿದ್ದರೆ ಒಂದು ನಕ್ಷತ್ರವೂ ಸಿಗುತ್ತಿರಲಿಲ್ಲ.

ಪರಿಹಾರ ಅಗ್ಗದ್ದೇ: 24 ವೋಲ್ಟ್ ಕಾಯಿಲ್ಲಿನ ಒಂದು ರಿಲೇ, ಅಂದರೆ ಕಾಯಿಲ್ಲಿಗೆ ವಿದ್ಯುತ್ ಬಂದಾಗ ಮಾತ್ರ ಸಂಪರ್ಕ ಕೊಡುವ ಸ್ವಿಚ್. ಡಬ್ಬಿಗೆ ಹೋಗುವ ತಂತಿಯ ನಡುವೆ ಅದನ್ನು ಕೂರಿಸಿ, ಕಾಯಿಲ್ಲನ್ನು ಡ್ಯಾಶ್‌ಬೋರ್ಡಿನ ಆಕ್ಸೆಸರಿ ಸ್ವಿಚ್ಚಿಗೆ ಕಟ್ಟಿದೆ. ಈಗ ಸ್ವಿಚ್ ಕೆಳಗಿಳಿದರೆ ಚುಕ್ಕಿ ಆರುತ್ತದೆ. ಇದಕ್ಕೂ ಒಂದು ದಂಡವಿದೆ: ರಸ್ತೆಬದಿಯಲ್ಲಿ ಕೆಟ್ಟು ನಿಂತಾಗ ಸ್ವಿಚ್ ಆರಿಸಿದರೆ ನಾಲ್ಕೂ ಇಂಡಿಕೇಟರುಗಳು ಟ್ರಕ್ಕಿನಲ್ಲಿ ಮಿನುಗುತ್ತವೆ, ಟ್ರೈಲರಿನಲ್ಲಿ ಇಲ್ಲ. ಹಿಂದಿನಿಂದ ಬರುವವನಿಗೆ ಮೊದಲು ಕಾಣುವುದು ಟ್ರೈಲರ್. ಆದ್ದರಿಂದ ಆ ಸ್ಥಿತಿಯಲ್ಲಿ ಸ್ವಿಚ್ ಮೇಲೆಯೇ ಇರಬೇಕು ಎಂದು ಟೇಪಿನ ಮೇಲೆ ಬರೆದು ಅಂಟಿಸಿದ್ದೇನೆ.

ಅದಾದ ಮೇಲೆ ಒಂದು ಫ್ಯೂಸ್ ಕೂಡ ಹೋಗಿಲ್ಲ. ಮಳೆ, ಕೆಸರು, ಚಕ್ರದಿಂದ ಸಿಡಿದ ಕಲ್ಲು, ಯಾವುದಕ್ಕೂ ಡಬ್ಬಿ ಜಗ್ಗಿಲ್ಲ. ಕೋಪ ಇಳಿದಿದೆ ಎಂದು ಒಪ್ಪಿಕೊಳ್ಳಬೇಕು. ಆದರೂ ನಿಮ್ಮದು ಒಂದೇ ಟ್ರೈಲರ್, ಅದೂ ಸ್ವಂತದ್ದಾಗಿದ್ದರೆ ಇದನ್ನು ಕೊಳ್ಳಬೇಡಿ. 10ರಿಂದ 30 ವೋಲ್ಟಿನವರೆಗೆ ಉರಿಯುವ ಎಲ್‌ಇಡಿ ದೀಪಗಳನ್ನು ಟ್ರೈಲರಿಗೇ ಹಾಕಿಬಿಡಿ. ಡಬ್ಬಿಯೂ ಬೇಡ, ರಿಲೇಯೂ ಬೇಡ. ನಾನು ಎಳೆಯುವುದು ಎರವಲು ಟ್ರೈಲರುಗಳನ್ನು. ಕೊಟ್ಟವರ ದೀಪ ಬಿಚ್ಚಿ ಬದಲಿಸಲು ಹೋದರೆ ಮುಂದಿನ ಸಲ ಯಾರು ಕೊಡುತ್ತಾರೆ?