ಘಾನಾವೋ ಐವರಿ ಕೋಸ್ಟೋ: ವಿತ್ತೀಯ ನೀತಿಯ ಅಧ್ಯಯನಕ್ಕೆ ಯಾವುದು ಸೂಕ್ತ?

ಕೋಕೋವನ್ನು ನೆಚ್ಚಿಕೊಂಡ ಈ ಎರಡು ನೆರೆ ದೇಶಗಳಲ್ಲಿ, ವಿತ್ತೀಯ ನೀತಿಯ (ಸರ್ಕಾರದ ತೆರಿಗೆ, ಖರ್ಚು, ಸಾಲಗಳ ನೀತಿಯ) ಬಗ್ಗೆ ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗೆ ನಾನು ಘಾನಾವನ್ನೇ ಸೂಚಿಸುತ್ತೇನೆ. ತನ್ನದೇ ಕರೆನ್ಸಿಯಾದ ಸೆಡಿಯನ್ನು ಹೊಂದಿರುವ ಅಲ್ಲಿನ ಸರ್ಕಾರವು ಬಜೆಟ್ ಕೊರತೆಗೆ ಕೇಂದ್ರ ಬ್ಯಾಂಕಿನ ಸಾಲವನ್ನು ಅವಲಂಬಿಸಿತು. 2022ರ ಡಿಸೆಂಬರ್‌ನಲ್ಲಿ ಹಣದುಬ್ಬರ ಶೇ 54 ದಾಟಿತು, ಅದೇ ತಿಂಗಳು ಬಹುಪಾಲು ವಿದೇಶಿ ಸಾಲದ ಮರುಪಾವತಿ ನಿಂತಿತು, 2023ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 300 ಕೋಟಿ ಡಾಲರ್ ನೆರವಿಗೆ ಒಪ್ಪಿತು. ಮೊಬೈಲ್ ಮೂಲಕ ದಿನಕ್ಕೆ 100 ಸೆಡಿ ಮೀರಿ ಕಳುಹಿಸಿದ ಹಣಕ್ಕೆ 2022ರಲ್ಲಿ ಶೇ 1.5ರಂತೆ ವಿಧಿಸಿದ ಇ-ಲೆವಿ ಎಂಬ ತೆರಿಗೆ, ಸಣ್ಣ ವ್ಯಾಪಾರಿಗಳನ್ನೂ ತಟ್ಟಿ, 2025ರಲ್ಲಿ ರದ್ದಾಯಿತು.

ಐವರಿ ಕೋಸ್ಟ್‌ನ ಕರೆನ್ಸಿಯಾದ ಸಿಎಫ್‌ಎ ಫ್ರಾಂಕ್ ಅನ್ನು ಯೂರೋಗೆ ಸ್ಥಿರ ದರದಲ್ಲಿ ಬೆಸೆದಿರುವುದರಿಂದ ಅಲ್ಲಿ ಬೆಲೆಗಳು ಅಷ್ಟು ಏರಲಿಲ್ಲ. ಆದರೆ ಅಪಮೌಲ್ಯದ, ಅಂದರೆ ಕರೆನ್ಸಿಯ ಮೌಲ್ಯ ಇಳಿಸುವ, ದಾರಿ ಸರ್ಕಾರದ ಕೈಯಲ್ಲಿಲ್ಲದ ಕಾರಣ, ಆರ್ಥಿಕ ಸಂಕಷ್ಟ ಬಂದಾಗ ಹೊಂದಾಣಿಕೆಯ ಭಾರ ಬಜೆಟ್ ಮೇಲೆಯೇ ಬೀಳುತ್ತದೆ. ಫ್ರೆಂಚ್ ಬಲ್ಲವರು ಇದನ್ನು ಆರಿಸಬಹುದು.